ಸಿಂಕ್ ಕೆಳಗಿನ ಕನೆಕ್ಷನ್ ಪೈಪ್ ಒಮ್ಮೆ ಬಗ್ಗಿ ನೋಡಿ

ಮನೆಗೆ ನೀರಿನಿಂದ ಹಾನಿ ಅಂದರೆ ಎಲ್ಲರೂ ಮಳೆಯನ್ನೇ ನೆನೆಸುತ್ತಾರೆ. ನಮ್ಮ ಮನೆ ಹಾಳಾಗಿದ್ದು ಸಿಂಕ್ ಕೆಳಗೆ ನಲ್ಲಿಗೆ ನೀರು ತರುವ ಮೊಳದುದ್ದದ ಕನೆಕ್ಷನ್ ಪೈಪಿನಿಂದ.

ನಾವು ಊರಲ್ಲಿರಲಿಲ್ಲ. ಪೈಪ್ ಒಡೆದು ರಾತ್ರಿಯಿಡೀ ನೀರು ಹರಿದಿದೆ. ಬೆಳಗ್ಗೆ ಕೆಳಗಿನ ಮನೆಯವರ ಫೋನ್ ಬಂತು. ಅವರ ಅಡುಗೆಮನೆ ಚಾವಣಿಯ ಗಾರೆ ಕಳಚಿ ಒಲೆ ಮೇಲೇ ಬಿದ್ದಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಅದೊಂದೇ ಪುಣ್ಯ. ಹೊರಗಿನ ಮೇನ್ ವಾಲ್ವ್ ಬಂದ್ ಮಾಡೋಣ ಅಂತ ಅವರು ಹೋದರೆ ಅದು ಜಾಮ್ ಆಗಿತ್ತು. ಪ್ಲಂಬರ್ ಬರುವವರೆಗೂ ನೀರು ನಿಲ್ಲಲಿಲ್ಲ.

ಕಳಚಿದ ಪೈಪನ್ನು ಪ್ಲಂಬರ್ ನನಗೆ ತೋರಿಸಿದರು. ಹೊರಗೆ ಹೊಳೆಯುವ ಸ್ಟೀಲ್ ಜಾಲರಿ ಇರುತ್ತದಲ್ಲ, ನೀರಿನ ಒತ್ತಡ ತಡೆಯುವುದು ಅದೇ. ಒಳಗಿರುವುದು ಬರೀ ರಬ್ಬರ್ ಕೊಳವೆ. ನಟ್ಟಿನ ಬುಡದಲ್ಲಿ ಜಾಲರಿಯ ಎಳೆಗಳು ತುಕ್ಕು ಹಿಡಿದು ತುಂಡಾಗಿದ್ದವು. ಅಷ್ಟೇ ಜಾಗದಲ್ಲಿ ರಬ್ಬರ್ ಉಬ್ಬಿ ಸೀಳಿತ್ತು. ಬ್ಲೀಚ್, ಆಸಿಡ್ ಬಾಟಲಿಗಳನ್ನು ಸಿಂಕ್ ಕೆಳಗೆ ಇಟ್ಟರೆ ಅವುಗಳ ಆವಿಗೇ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದಂತೆ. ಆ ಬಾಟಲಿಗಳಿಗೆ ದಯವಿಟ್ಟು ಬೇರೆ ಜಾಗ ನೋಡಿ.

ಇವತ್ತೇ ಟಾರ್ಚ್ ಹಿಡಿದು ನೋಡಿ. ನಟ್ಟಿನ ಹತ್ತಿರ ಕಂದು ಕಲೆ, ಎದ್ದು ನಿಂತ ತಂತಿ, ಬಿಳಿ ಉಪ್ಪಿನ ಪದರ, ಇವುಗಳಲ್ಲಿ ಒಂದು ಕಂಡರೂ ಪೈಪ್ ಬದಲಿಸಿ. ಏನೂ ಕಾಣದಿದ್ದರೂ 5 ವರ್ಷಕ್ಕೊಮ್ಮೆ ಹೊಸದು ಹಾಕಿಸುವುದು ಒಳ್ಳೆಯದು. ವಾಶ್ ಬೇಸಿನ್, ಗೀಸರ್, ಕಮೋಡ್ ಹತ್ತಿರವೂ ಇಂಥವೇ ಪೈಪ್‌ಗಳಿರುತ್ತವೆ. ವಾಷಿಂಗ್ ಮಷಿನ್ ನಲ್ಲಿಯನ್ನಂತೂ ಕೆಲಸ ಮುಗಿದ ಕೂಡಲೇ ನಿಲ್ಲಿಸಿ.

ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ. ಆಗಾಗ ಒಂದು ಸಲ ಪೂರ್ತಿ ಮುಚ್ಚಿ ತೆಗೆಯಿರಿ. ಸುಮ್ನೆ ವರ್ಷಗಟ್ಟಲೆ ಬಿಟ್ಟರೆ ಬೇಕಾದಾಗ ತಿರುಗುವುದಿಲ್ಲ. ಒಂದೇ ರಾತ್ರಿ ಹೊರಗೆ ಉಳಿಯುವುದಿದ್ದರೂ ಬಂದ್ ಮಾಡಿಯೇ ಹೊರಡಿ.

ಅಕಸ್ಮಾತ್ ನೀರು ನುಗ್ಗಿದರೆ ಮೊದಲು ಕರೆಂಟ್ ಕಡೆ ಗಮನ ಕೊಡಿ. ಪ್ಲಗ್ ಪಾಯಿಂಟ್, ವೈರ್ ನೀರಿಗೆ ತಾಗಿದ್ದರೆ ಕಾಲಿಡಬೇಡಿ. ಒಣ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆರಿಸಲು ಆಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಒರೆಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒದ್ದೆ ಜಾಗದಲ್ಲಿ 24ರಿಂದ 48 ಗಂಟೆಯೊಳಗೇ ಬೂಷ್ಟು ಶುರುವಾಗಬಹುದು. ನಮ್ಮಲ್ಲಿ ನೆಲವೆಲ್ಲ ಒಣಗಿದ ಮೇಲೂ ಮುಗ್ಗಲು ವಾಸನೆ ಹೋಗಲಿಲ್ಲ. ಕಪಾಟಿನ ತಳದ ಹಲಗೆ ಕಿತ್ತರೆ ಹಿಂದೆ ನೀರು ಹಾಗೇ ನಿಂತಿತ್ತು. ಪ್ಲೈವುಡ್ ಊದಿ ಪದರ ಪದರ ಬಿಟ್ಟುಕೊಂಡಿತ್ತು. ಆ ಹಲಗೆಗಳನ್ನು ಮೊದಲ ದಿನವೇ ತೆಗೆಸಿ, ಫ್ಯಾನ್ ಗಾಳಿ ಒಳಗೆ ಹೋಗುವ ಹಾಗೆ ಮಾಡಿ.

ಗೋಡೆಗೆ ಬಣ್ಣ ಹೊಡೆಸಲು ಅವಸರ ಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಜಾಸ್ತಿ ದಿನ ಇರುತ್ತದೆ. ಅದರ ಮೇಲೆ ಹೊಡೆಸಿದರೆ ಪುಟ್ಟಿ ಸಮೇತ ಎದ್ದು ಬರುತ್ತದೆ. ಕೆಳಗಿನ ಮನೆಯವರ ಚಾವಣಿಗೂ ಇದೇ ಮಾತು. ನಾವು ಅದನ್ನು ಪೂರ್ತಿ ಒಣಗಿಸಿಯೇ ಗಾರೆ ಮಾಡಿಸಿಕೊಟ್ಟೆವು.