ಮೂರು ಚಳಿಗಾಲ ಬಳಸಿದ ಮೇಲೆ: ಕಾರಿನ ವೈರ್‌ಲೆಸ್ ಚಾರ್ಜಿಂಗ್ ಹೇಗಿದೆ?

ನಾನಿರುವುದು ಡೆಟ್ರಾಯ್ಟ್ ಪಕ್ಕದ ನೋವೈಯಲ್ಲಿ. ಇಲ್ಲಿ ಜನವರಿಯಲ್ಲಿ ಚಾರ್ಜಿಂಗ್ ಕೇಬಲ್ ಹಿಡಿದವರಿಗೇ ಗೊತ್ತು ಅದರ ಸುಖ. ಸೆಟೆದು ಮರದ ಬೇರಿನ ಹಾಗೆ ಆಗಿರುತ್ತದೆ. ಎಳೆದರೆ ಬಗ್ಗುವುದಿಲ್ಲ, ಬಿಟ್ಟರೆ ರಸ್ತೆಯ ಉಪ್ಪುಕೆಸರನ್ನೆಲ್ಲ ಪ್ಯಾಂಟಿಗೆ ಬಳಿಯುತ್ತದೆ. ಒಂದು ಕೈಯಲ್ಲಿ ದಿನಸಿ ಚೀಲ, ಇನ್ನೊಂದರಲ್ಲಿ ಮಗಳ ಸ್ಕೂಲ್ ಬ್ಯಾಗ್. ವಾರಕ್ಕೊಮ್ಮೆಯಾದರೂ ನಾನು ಕೇಬಲ್ ಚುಚ್ಚುವುದನ್ನು ಮರೆಯುತ್ತಿದ್ದೆ. ಮನೆಯಲ್ಲಿ ಮಾತು ಬೆಳೆಯೋದಕ್ಕೆ ಅಷ್ಟು ಸಾಕಿತ್ತು.

ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಪುಟ್ಟ ಎಲೆಕ್ಟ್ರಿಕ್ ಕಾರನ್ನು, ಕೇಬಲ್ ಇಲ್ಲದೆ ನೆಲದಿಂದಲೇ ಚಾರ್ಜ್ ಮಾಡುವ ವೈರ್‌ಲೆಸ್ ಪ್ಯಾಡ್ ಸಮೇತ ಮಾರುತ್ತೇನೆ ಅಂದಾಗ ಜಾಸ್ತಿ ಯೋಚನೆ ಮಾಡಲಿಲ್ಲ. ಹೊಸ ಪ್ಯಾಡ್ ನನ್ನ ಜೇಬಿಗೆ ಆಗುತ್ತಿರಲಿಲ್ಲ. 240 ವೋಲ್ಟ್ ಲೈನ್ ಎಳೆದು ಅದನ್ನು ನೆಲಕ್ಕೆ ಕೂರಿಸಿಕೊಟ್ಟ ಎಲೆಕ್ಟ್ರಿಷಿಯನ್‌ಗೆ ಕೊಟ್ಟ 600 ಡಾಲರ್ ಬೇರೆ.

ಮೊದಲ ತಿಂಗಳು ಸುಮ್ನೆ ಹೇಳುವುದಲ್ಲ, ಹೊಸ ಮನೆಗೆ ಹೋದ ಖುಷಿ. ಕಾರು ನಿಲ್ಲಿಸುವುದು, ಇಳಿಯುವುದು, ಒಳಗೆ ಹೋಗುವುದು. ಅಷ್ಟೇ. ಬೆನ್ನ ಹಿಂದೆ ಟಕ್ ಅಂತ ಒಂದು ಸದ್ದು, ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ. ನೆಲದ ಪ್ಯಾಡಿನೊಳಗಿನ ಕಾಯಿಲ್‌ನಲ್ಲಿ, ಅಂದರೆ ತಂತಿಯ ಸುರುಳಿಯಲ್ಲಿ, ದಿಕ್ಕು ಬದಲಿಸುತ್ತಾ ಕರೆಂಟು ಹರಿದರೆ ಅದರ ಕಾಂತಕ್ಷೇತ್ರ ಕಾರಿನ ಹೊಟ್ಟೆಯಲ್ಲಿರುವ ಕಾಯಿಲ್‌ನಲ್ಲೂ ಕರೆಂಟು ಹುಟ್ಟಿಸುತ್ತದೆ. ನಡುವೆ ಗೇಣಿಗಿಂತ ಕಡಿಮೆ ಗಾಳಿ. 3.3 ಕಿಲೋವ್ಯಾಟ್ ಅಂದರೆ ನಿಧಾನವೇ. ಆದರೆ ದಿನಕ್ಕೆ 35 ಮೈಲಿ ಓಡಿಸುವವನಿಗೆ ಒಂದು ರಾತ್ರಿ ಧಾರಾಳ. ಒಲೆ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಾ, ಕಿಟಕಿಯಿಂದ ಆ ಹಸಿರು ದೀಪ ನೋಡುವುದೇ ಒಂದು ಚಟವಾಗಿತ್ತು.

ಆಮೇಲೆ ಶುರುವಾಯಿತು ಇಂಚಿನ ಕಾಟ.

ಎರಡು ಕಾಯಿಲ್ ಒಂದರ ಮೇಲೊಂದು ಸರಿಯಾಗಿ ಬರಬೇಕು. ಮೂರ್ನಾಲ್ಕು ಇಂಚು ತಪ್ಪಿದರೂ ನನ್ನ ಪ್ಯಾಡ್ ಕೆಂಪು ದೀಪ ಹಚ್ಚಿಕೊಂಡು ಮುನಿಸಿಕೊಳ್ಳುತ್ತದೆ. ಎಡ-ಬಲ ಪರವಾಗಿಲ್ಲ, ನೆಲದ ಮೇಲೆ ಟೇಪ್ ಅಂಟಿಸಿದೆ. ಹಿಂದೆ-ಮುಂದೆ ಗೊತ್ತಾಗುವುದು ಹೇಗೆ? ಒಂದು ರಾತ್ರಿ ಮೈನಸ್ 15 ಡಿಗ್ರಿ, ಕೈ ಉಜ್ಜುತ್ತಾ ಒಳಗೆ ಓಡಿದೆ. ಬೆಳಿಗ್ಗೆ ಅತ್ತೆ-ಮಾವ ಬರುವ ವಿಮಾನ. ಗರಾಜಿಗೆ ಬಂದು ನೋಡಿದರೆ ಬ್ಯಾಟರಿ 18 ಶೇಕಡ. ಕೇಬಲ್ ಇದ್ದಾಗ ಮರೆತದ್ದು ನನ್ನ ತಪ್ಪು, ಈಗ ಮರೆಯದೇ ಇದ್ದರೂ ನನ್ನದೇ ತಪ್ಪು! ಹೆಂಡತಿಯ ಪೆಟ್ರೋಲ್ ಕಾರಿನ ಕೀ ಕೇಳಿದೆ. ಅವಳು ಏನೂ ಅನ್ನದೆ ಕೊಟ್ಟಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಇಲ್ಲಿಯವರು ಗರಾಜಿನಲ್ಲಿ ದಾರ ಕಟ್ಟಿ ಟೆನಿಸ್ ಚೆಂಡು ಇಳಿಬಿಡುತ್ತಾರೆ, ಗಾಜಿಗೆ ತಾಗಿದರೆ ಅಲ್ಲಿಗೆ ನಿಲ್ಲಿಸು ಅಂತ. ನಮ್ಮನೆಯಲ್ಲಿ ಟೆನಿಸ್ ಚೆಂಡು ಇರಲಿಲ್ಲ. ಆಯುಧಪೂಜೆಗೆ ತಂದಿದ್ದ ಪ್ಲಾಸ್ಟಿಕ್ ನಿಂಬೆಹಣ್ಣು-ಮೆಣಸಿನಕಾಯಿ ಸರ ಇತ್ತು. ಅದನ್ನೇ ಸೂರಿಗೆ ಕಟ್ಟಿದೆ. ಕೊನೆಯ ಮೆಣಸಿನಕಾಯಿ ಗಾಜಿಗೆ ಟಿಕ್ ಅಂದರೆ ಬ್ರೇಕ್. ಆಮೇಲೆ ಎರಡು ವರ್ಷದಲ್ಲಿ ಕೆಂಪು ದೀಪ ಕಂಡದ್ದು ನಾಲ್ಕೈದು ಸಲ, ಅದೂ ಕಾರಿನಡಿಯಿಂದ ಹಿಮದ ಗಡ್ಡೆಗಳು ಕಳಚಿ ಪ್ಯಾಡ್ ಮೇಲೆ ಬಿದ್ದಾಗ. ಪಕ್ಕದಲ್ಲೇ ಒಂದು ಪೊರಕೆ ಇಟ್ಟಿದ್ದೇನೆ.

ವಿದ್ಯುತ್ ಪೋಲಾಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ನನ್ನ ಮೀಟರಿನ ಪ್ರಕಾರ ಕೇಬಲ್‌ಗಿಂತ ನೂರಕ್ಕೆ ಹತ್ತು-ಹನ್ನೆರಡು ಯೂನಿಟ್ ಜಾಸ್ತಿ. ತಿಂಗಳಿಗೆ ಐದು ಡಾಲರ್ ಇರಬಹುದು, ಇಲ್ಲಿನ ಹೋಟೆಲಿನ ಅರ್ಧ ಮಸಾಲೆ ದೋಸೆ.

ಅದಕ್ಕಿಂತ ನೋವಾಗುವುದು ಬೇರೆ. ಈ ಪ್ಯಾಡ್ ಈ ಕಾರಿಗೆ ಮಾತ್ರ. ಎಲ್ಲ ಕಾರಿಗೂ ಹೊಂದುವ ಹಾಗೆ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2954 ಎಂಬ ಮಾನದಂಡ ಬಂದದ್ದು 2020ರಲ್ಲಿ, 11 ಕಿಲೋವ್ಯಾಟ್‌ವರೆಗೆ. ನನ್ನದು ಅದಕ್ಕೂ ಹಳೆಯದು. ಕಾರು ಹೋದ ದಿನ ಪ್ಯಾಡ್ ಬರೀ ಮೆಟ್ಟಿಲು. ಪೋರ್ಷೆಯವರು ತಮ್ಮ ಎಲೆಕ್ಟ್ರಿಕ್ ಕಯೆನ್‌ಗೆ 11 ಕಿಲೋವ್ಯಾಟ್ ಪ್ಯಾಡ್ ತೋರಿಸಿದ್ದಾರೆ. ಎಲ್ಲಿ ನಿಲ್ಲಿಸಬೇಕು ಅಂತ ಕಾರಿನ ಪರದೆಯೇ ಹೇಳುತ್ತದಂತೆ. ಅಷ್ಟು ದುಡ್ಡಿದ್ದರೆ ಕೇಬಲ್ ಚುಚ್ಚೋದಕ್ಕೆ ಒಬ್ಬರನ್ನು ಇಟ್ಟುಕೊಳ್ಳುತ್ತಿದ್ದೆ, ಅಲ್ವಾ? ಡೆಟ್ರಾಯ್ಟ್‌ನ 14ನೇ ಸ್ಟ್ರೀಟ್‌ನಲ್ಲಿ 2023ರಲ್ಲಿ ಕಾಲು ಮೈಲಿ ರಸ್ತೆಯೊಳಗೇ ಕಾಯಿಲ್ ಹೂತಿದ್ದಾರೆ, ಓಡುತ್ತಲೇ ಚಾರ್ಜ್ ಆಗಲಿ ಅಂತ. ಒಂದು ಭಾನುವಾರ ನೋಡೋದಕ್ಕೆ ಹೋಗಿದ್ದೆವು. ರಸ್ತೆ ರಸ್ತೆ ಥರಾನೇ ಇದೆ. ಮಗಳು ಐಸ್‌ಕ್ರೀಂ ಕೇಳಿದಳು.

ಮರೆವಿಲ್ಲದವರು ಕೇಬಲ್ ಚಾರ್ಜರನ್ನೇ ಕೊಳ್ಳಿ, ದುಡ್ಡು ಉಳಿಯುತ್ತದೆ. ನನ್ನಂಥವರಿಗೆ, ಅದೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಇದು ಒಳ್ಳೆಯದು. ನಾನಂತೂ ವಾಪಸ್ ಕೇಬಲ್‌ಗೆ ಹೋಗಲಾರೆ.

ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಮ್ಮ ಬಂದಿದ್ದರು. ಸೂರಿನ ಸರ ನೋಡಿ, ಮಗ ಸಂಪ್ರದಾಯ ಬಿಟ್ಟಿಲ್ಲ ಅಂತ ಕಣ್ಣು ತುಂಬಿಕೊಂಡರು. ನಾನು ಸುಮ್ಮನಿದ್ದೆ. ಪ್ಲಾಸ್ಟಿಕ್ಕಿಗೆ ಎಂಥ ದೃಷ್ಟಿ ಹೋಗುತ್ತದೆ ಅಂತ ಅವರು ಅಂಗಡಿಯಿಂದ ಹಸಿ ನಿಂಬೆಹಣ್ಣು, ಮೆಣಸಿನಕಾಯಿ ತರಿಸಿ, ತಾವೇ ಪೋಣಿಸಿ, ತಲೆಗೆ ತಾಗದಿರಲಿ ಎಂದು ಒಂದು ಗೇಣು ಮೇಲಕ್ಕೆ ಕಟ್ಟಿಸಿದರು. ಮರುದಿನ ಬೆಳಿಗ್ಗೆ 31 ಶೇಕಡ, ಕೆಂಪು ದೀಪ.

"ಯಾಕೋ, ರಾತ್ರಿ ಇಲ್ಲೂ ಕರೆಂಟು ಹೋಗಿತ್ತಾ?" ಅಂತ ಕೇಳಿದರು ಅಮ್ಮ.