ಸಾಲ ಕೈಗೆ ಬರುವ ಮೊದಲೇ 41,550 ರೂಪಾಯಿ ಕಳೆದುಕೊಂಡೆ: ಫೋನಿನಲ್ಲಿ ಸಾಲ ಕೊಡುತ್ತೇವೆ ಅನ್ನುವವರ ಬಗ್ಗೆ ಎಚ್ಚರ

ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ಮನೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ ಬೀಸಿಕೊಡುತ್ತೇವೆ. ಬೇಸಿಗೆ ಬಂತೆಂದರೆ ಊರಿನ ಹೆಣ್ಣುಮಕ್ಕಳೆಲ್ಲ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಮಸಾಲೆ ಹುರಿದುಕೊಂಡು, ವರ್ಷಕ್ಕಾಗುವಷ್ಟು ಖಾರ ಕುಟ್ಟಿಸಲು ಬೇರೆ ಊರಿಗೆ ಹೋಗುತ್ತಾರೆ. ನಮ್ಮಲ್ಲಿ ಖಾರ ಕುಟ್ಟುವ ಯಂತ್ರ ಇಲ್ಲ. ಅದೊಂದು, ಜೊತೆಗೊಂದು ಶಾವಿಗೆ ಮಷಿನ್ ತಂದು ಹಾಕಬೇಕು ಅನ್ನುವುದು ನನ್ನದೂ ನಮ್ಮ ಮನೆಯವರದೂ ಎರಡು ವರ್ಷದ ಆಸೆ. ಫೆಬ್ರವರಿ ಒಳಗೆ ತಂದರೆ ಸೀಜನ್ ಸಿಗುತ್ತದೆ, ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ನಾನು ಅವಸರದಲ್ಲಿದ್ದೆ.

ಜನವರಿ ಕೊನೆಗೆ ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಕಂಡಿತು. ಪ್ರಧಾನ ಮಂತ್ರಿಗಳ ಫೋಟೋ, ಮೂರು ಲಕ್ಷ ಸಾಲ, ವರ್ಷಕ್ಕೆ ಎರಡೇ ರೂಪಾಯಿ ಬಡ್ಡಿ, ಅರ್ಧ ಸಬ್ಸಿಡಿ, ಆಧಾರ್ ಇದ್ದರೆ ಸಾಕು. ಒತ್ತಿದೆ. ಹೆಸರು, ಫೋನ್ ನಂಬರ್, ಏನು ಉದ್ಯೋಗ, ಎಷ್ಟು ಬೇಕು ಅಂತ ಕೇಳಿತು, ತುಂಬಿದೆ. ಎರಡು ದಿನ ಬಿಟ್ಟು ಫೋನ್ ಬಂದಾಗ ಆ ಮನುಷ್ಯ ನನ್ನ ಹೆಸರು, ಗಿರಣಿ, ಯಂತ್ರ ಎಲ್ಲವನ್ನೂ ತಾನೇ ಹೇಳಿದ. ಸರಕಾರದ ಹತ್ತಿರ ನನ್ನ ಫೈಲ್ ಇದೆ ಅಂತ ನಂಬಿಬಿಟ್ಟೆ. ನಾನೇ ತುಂಬಿಕೊಟ್ಟಿದ್ದನ್ನು ಅವನು ನನಗೆ ಓದಿ ಹೇಳುತ್ತಿದ್ದ ಅನ್ನುವುದು ಆಗ ಹೊಳೆಯಲಿಲ್ಲ.

ಅರ್ಧ ಸಬ್ಸಿಡಿ ಅನ್ನುವ ಮಾತನ್ನು ನಂಬಲಿಕ್ಕೆ ಕಾರಣವಿತ್ತು. ಸಣ್ಣ ಆಹಾರ ಉದ್ಯಮಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ್ದು ಶೇ 35, ನಮ್ಮ ರಾಜ್ಯದ್ದು ಅದರ ಮೇಲೆ ಶೇ 15 ಸಹಾಯಧನ ಇದೆ ಅಂತ ಸಂಘದ ಸಭೆಯಲ್ಲಿ ಕೇಳಿದ್ದೆ. ಎರಡೂ ಕೂಡಿದರೆ ಅರ್ಧವೇ ಆಯಿತು. ಖರೆ ಇರುವ ಯೋಜನೆಯ ನೆರಳಿನಲ್ಲಿ ಸುಳ್ಳು ನಿಂತಿತ್ತು. ಆದರೆ ಆ ಯೋಜನೆಯ ಸಹಾಯಧನ ಬರುವುದು ಬ್ಯಾಂಕಿನ ಸಾಲದ ಜೊತೆಗೆ, ಬ್ಯಾಂಕಿನ ಮೂಲಕ. ಫೋನ್ ಮಾಡಿದವನು ಹಂಚುವಂಥದ್ದಲ್ಲ.

ಅವನು ಮೊದಲು ‘ಮೇಡಂ’ ಅನ್ನುತ್ತಿದ್ದ, ಮರುದಿನದಿಂದ ‘ಅಕ್ಕಾ’ ಅಂದ. ಬೆಂಗಳೂರಿನ ಕಡೆಯ ಕನ್ನಡ, ನಡುನಡುವೆ ಹಿಂದಿ. ಹಿಂದೆ ಬೇರೆ ಫೋನುಗಳು ಹೊಡೆದುಕೊಳ್ಳುವ ಸಪ್ಪಳ, ಯಾರೋ ಯಾರಿಗೋ ‘ಸರ್, ಆ ಫೈಲ್ ಪಾಸಾಯ್ತು’ ಅನ್ನುವುದು ಕೇಳುತ್ತಿತ್ತು. ದೊಡ್ಡ ಆಫೀಸು ಅಂದುಕೊಂಡೆ. ವಾಟ್ಸಾಪ್‌ನಲ್ಲಿ ಮಂಜೂರಾತಿ ಪತ್ರ ಬಂತು: ಮೇಲೆ ನಾಲ್ಕು ಸಿಂಹದ ಲಾಂಛನ, ಕೆಳಗೆ ಗುಂಡನೆಯ ಸಿಕ್ಕೆ, ಹಸಿರು ಶಾಯಿಯ ಸಹಿ, ನಡುವೆ ನನ್ನ ಹೆಸರು, ನನ್ನ ಫೋಟೋ. ಅದನ್ನು ನಮ್ಮ ಮನೆಯವರಿಗೆ ತೋರಿಸಿದಾಗ ಅವರೂ ಖುಷಿಪಟ್ಟರು. ಆ ಸಂಜೆ ಯಂತ್ರ ಎಲ್ಲಿ ಕೂಡಿಸಬೇಕು ಅಂತ ಗಿರಣಿಯಲ್ಲಿ ಜಾಗ ಅಳೆದೆವು.

ಮೊದಲು ಕೇಳಿದ್ದು ಫೈಲ್ ಚಾರ್ಜ್, 1,850 ರೂಪಾಯಿ. ಇಷ್ಟು ಸಣ್ಣ ಮೊತ್ತಕ್ಕೆ ಯಾರು ಮೋಸ ಮಾಡುತ್ತಾರೆ ಅನ್ನಿಸಿತು. ನಮ್ಮ ಕಡೆಯವರು ಇದನ್ನು ಮನಸ್ಸಿಗೆ ತಗೋಬೇಕು ಅಂತ ಕೇಳಿಕೊಳ್ಳುತ್ತೇನೆ. ಸಾಲ ಸಿಗುವ ಮೊದಲು ಕೈಯಿಂದ ರೊಕ್ಕ ಖರ್ಚಾಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಉತಾರ (ಪಹಣಿ) ತೆಗೆಸಲಿಕ್ಕೆ, ಬಾಂಡ್ ಪೇಪರಿಗೆ, ನೋಟರಿಗೆ, ಸೊಸೈಟಿಯ ಷೇರಿಗೆ, ಜೆರಾಕ್ಸಿಗೆ, ಬಸ್ಸಿಗೆ. ಹೀಗಾಗಿ ಮೂರು ಲಕ್ಷ ಬರುವಲ್ಲಿ ಎರಡು ಸಾವಿರ ಹೋದರೆ ಅದು ಮೋಸ ಅಂತ ಅನಿಸುವುದೇ ಇಲ್ಲ, ವ್ಯವಹಾರ ಅನಿಸುತ್ತದೆ. ಅವರಿಗೆ ಇದು ಗೊತ್ತಿದೆ.

ಮರುದಿನ ಸಾಲದ ವಿಮೆ ಅಂತ 7,500. ಅದು ಮೊದಲ ಕಂತಿನಲ್ಲಿ ವಾಪಸ್ ಬರುತ್ತದೆ ಅಂದ. ಎರಡು ದಿನ ಬಿಟ್ಟು ಜಿಎಸ್‌ಟಿ ಅಂತ 14,200. ಇದನ್ನು ತಂಗಿಯ ಹತ್ತಿರ ಇಸಿದುಕೊಂಡೆ. ಹಾಕಿದ ಅರ್ಧ ತಾಸಿಗೆ ಒಂದು ಸ್ಕ್ರೀನ್‌ಶಾಟ್ ಬಂತು: ಮೂರು ಲಕ್ಷ ನನ್ನ ಖಾತೆಗೆ ಹೊರಟಿದೆ, ಕೆಳಗೆ ಕೆಂಪಕ್ಷರದಲ್ಲಿ ‘ತಡೆಹಿಡಿಯಲಾಗಿದೆ’. ನನ್ನ ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿದೆಯಂತೆ, ರೊಕ್ಕ ರಿಸರ್ವ್ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿದೆಯಂತೆ, ಬಿಡಿಸಲು 18,000 ಕಟ್ಟಬೇಕಂತೆ. ‘ತಪ್ಪು ನಿಮ್ಮದೇ ಅಕ್ಕಾ, ನಿಮಗೋಸ್ಕರ ನಾನು ಸರ್ ಹತ್ರ ಬೈಸ್ಕೊಂಡೆ’ ಅಂದ. ನಾನು ಅವನಿಗೆ ಕ್ಷಮೆ ಕೇಳಿದೆ. ಮರುದಿನ ಮುಂಜಾನೆ ಜಮಖಂಡಿಗೆ ಹೋಗಿ ಬ್ಯಾಂಕಿನಲ್ಲಿ ಬೆಂಡೋಲೆ ಅಡವಿಟ್ಟು, ಹನ್ನೆರಡೂವರೆಗೆ 18,000 ಹಾಕಿದೆ.

ಮೊದಲ 1,850 ಹೋಗಿದ್ದು ಆಸೆಗೆ. ಉಳಿದದ್ದೆಲ್ಲ ಹೋಗಿದ್ದು ಮೊದಲು ಕೊಟ್ಟಿದ್ದು ಎಲ್ಲಿ ಮುಳುಗುತ್ತದೋ ಅನ್ನುವ ಅಂಜಿಕೆಗೆ. ಪ್ರತಿ ಸಲ ಫೋನ್ ಬಂದಾಗಲೂ ನಾನು ಲೆಕ್ಕ ಹಾಕಿದ್ದು ಬರುವ ಮೂರು ಲಕ್ಷದ್ದಲ್ಲ, ಕೊಟ್ಟುಬಿಟ್ಟಿದ್ದರದ್ದು. ಈಗ ಬಿಟ್ಟರೆ ಅಷ್ಟೂ ಹೋಯಿತಲ್ಲ ಅನ್ನುವುದೊಂದೇ ತಲೆಯಲ್ಲಿ. ನೀವು ಇದನ್ನು ಓದುವ ಹೊತ್ತಿಗೆ ಅಂಥ ಫೋನಿನಲ್ಲಿ ಸಿಲುಕಿ ಒಂದೋ ಎರಡೋ ಸಲ ಹಾಕಿದ್ದರೆ, ಆ ರೊಕ್ಕ ಆಗಲೇ ಹೋಗಿದೆ. ಮುಂದಿನದನ್ನು ಹಾಕಿ ಹಿಂದಿನದನ್ನು ಬಿಡಿಸಲು ಆಗುವುದಿಲ್ಲ. ಅಲ್ಲಿಗೇ ನಿಲ್ಲಿಸಿ.

ಎರಡು ಗಂಟೆಗೆ ಮತ್ತೆ ಫೋನ್. ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರಕ್ಕೆ ಅಂತ 25,000. ನಾನಿನ್ನೂ ಜಮಖಂಡಿಯಲ್ಲೇ ಇದ್ದೆ. ಅದೇ ಬಂಗಾರದ ಮೇಲೆ ಇನ್ನಷ್ಟು ಸಿಗುತ್ತದೇನೋ ಕೇಳೋಣ ಅಂತ ಬ್ಯಾಂಕಿಗೆ ತಿರುಗಿ ಹೋದೆ. ಕೌಂಟರಿನಲ್ಲಿದ್ದ ಬಾಯಾರು (ಮೇಡಂ) ನನ್ನ ಮುಖ ನೋಡಿ, ‘ಮುಂಜಾನೆನ ಇಟ್ಟೀರಿ, ಮತ್ತ ಯಾಕ್ರಿ?’ ಅಂದರು. ಬ್ಯಾಂಕಿನವರಿಗೆ ಹೇಳಬೇಡಿ, ತಮಗೆ ಕಮಿಷನ್ ಸಿಗುವುದಿಲ್ಲ ಅಂತ ಫೈಲ್ ತಡೆಯುತ್ತಾರೆ ಎಂದು ಅವನು ತಾಕೀತು ಮಾಡಿದ್ದ. ಅದಕ್ಕೇ ತಡವರಿಸಿದೆ. ಅವರು ಬಿಡಲಿಲ್ಲ, ಒಳಗೆ ಕರೆದು ಕೂಡಿಸಿ, ನೀರು ಕೊಟ್ಟು ಕೇಳಿದರು. ಪತ್ರ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ.

‘ರೊಕ್ಕಾ ಯಾರ ಹೆಸರಿಗೆ ಹೋಗೇತ್ರಿ, ಅದನ್ನ ತೋರಸ್ರಿ.’

ಫೋನ್‌ಪೇ ತೆಗೆದೆ. ನಾಲ್ಕು ಸಲ ಹಾಕಿದ್ದೆ, ನಾಲ್ಕು ಬೇರೆ ಬೇರೆ ಹೆಸರು. ಒಂದೂ ಬ್ಯಾಂಕಿನದಲ್ಲ, ಸರಕಾರದ್ದಲ್ಲ, ಎಲ್ಲವೂ ಮನುಷ್ಯರ ಹೆಸರು. ಹಾಕುವಾಗಲೇ ಆ ಹೆಸರು ನನ್ನ ಕಣ್ಣಿಗೆ ಬಿದ್ದಿತ್ತು, ಕೇಳಿಯೂ ಇದ್ದೆ. ‘ಅವರು ನಮ್ಮ ಕ್ಯಾಶಿಯರ್’ ಅಂದಿದ್ದ.

‘ಅಕ್ಕಾರ, ಇನ್ನ ಒಂದ್ ರೂಪಾಯಿ ಹಾಕಬ್ಯಾಡ್ರಿ. ಮೊದಲ 1930ಕ್ಕ ಫೋನ್ ಹಚ್ರಿ’ ಅಂದರು ಬಾಯಾರು.

1930 ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ಇಡೀ ದೇಶಕ್ಕೆ ಒಂದೇ ನಂಬರ್. ಯಾವ ಖಾತೆಯಿಂದ, ಯಾವಾಗ, ಎಷ್ಟು ಹೋಯಿತು ಅಂತ ಕೇಳುತ್ತಾರೆ. ಪ್ರತಿ ಪಾವತಿಯ ಕೆಳಗೆ 12 ಅಂಕಿಯ ಯುಟಿಆರ್ ನಂಬರ್ ಇರುತ್ತದಲ್ಲ, ಅದನ್ನು ಕೇಳಿದರು. ಕೂಡಲೇ ತಿಳಿಸಿದರೆ ರೊಕ್ಕ ಹೋದ ಖಾತೆಯನ್ನು ಬ್ಯಾಂಕುಗಳ ಮೂಲಕ ತಡೆಯಲು ಆಗುತ್ತದೆ. ತಡ ಮಾಡಿದಷ್ಟೂ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಮ್ಮಿಗೆ ಹಾರಿಹೋಗಿರುತ್ತದೆ. ನಾನು ನಾಲ್ಕು ಗಂಟೆಯ ಹೊತ್ತಿಗೆ ಮಾಡಿದೆ. ಹನ್ನೆರಡೂವರೆಗೆ ಹಾಕಿದ 18,000ದಲ್ಲಿ 9,400 ಒಂದು ಖಾತೆಯಲ್ಲಿ ಸಿಕ್ಕಿತು. ಅದು ನ್ಯಾಯಾಲಯದ ಆದೇಶವಾದ ಮೇಲೆ, ಕೆಲವು ತಿಂಗಳಿಗೆ ನನಗೆ ಬಂತು. ಹಿಂದಿನ ಮೂರು ಪಾವತಿಗಳಲ್ಲಿ ಒಂದು ಪೈಸೆಯೂ ಬರಲಿಲ್ಲ. ಮರುದಿನ ಬಾಗಲಕೋಟೆಗೆ ಹೋಗಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟೆ. ವಾಟ್ಸಾಪ್ ಮಾತುಕತೆ, ಪತ್ರ, ಫೋನ್ ನಂಬರುಗಳು ಎಲ್ಲ ಅಲ್ಲಿ ಬೇಕಾಗುತ್ತವೆ. ಸಿಟ್ಟಿಗೋ ನಾಚಿಕೆಗೋ ಅವನ್ನು ಅಳಿಸಬೇಡಿ.

ಆ ರಾತ್ರಿ ಮನೆಯಲ್ಲಿ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನೆ ಕೂತು, ಕಡೆಗೆ ‘ರೊಕ್ಕ ಹೋದ್ರ ದುಡಕೊಂಡೇವು, ನೀ ಮೊದಲ ಊಟಾ ಮಾಡು’ ಅಂದರು. ಆ ಒಂದು ಮಾತು ಸಿಗದೆ ಬಾಯಿ ಬಿಡದವರು ನಮ್ಮ ಊರಲ್ಲೇ ಎಷ್ಟು ಮಂದಿ ಇದ್ದಾರೋ. ನಾನು ಹೇಳಿಕೊಂಡ ಮೇಲೆ ನಮ್ಮ ಸಂಘದಲ್ಲೇ ಇಬ್ಬರು, ತಮಗೂ ಹೀಗೇ ಆಗಿತ್ತು ಅಂತ ಬಂದು ಹೇಳಿದರು. ನಿಮ್ಮ ಮನೆಯಲ್ಲಿ ಯಾರಾದರೂ ಸಿಕ್ಕಿಬಿದ್ದಿದ್ದರೆ ದಯವಿಟ್ಟು ಬೈಯಬೇಡಿ. ಬೈದರೆ ಅವರು ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟು ಹೊತ್ತು ರೊಕ್ಕ ಮುಂದೆ ಸಾಗುತ್ತದೆ.

ಆಮೇಲೆ ಬ್ಯಾಂಕಿನ ಬಾಯಾರಿಂದಲೂ ಠಾಣೆಯಲ್ಲಿಯೂ ನಾನು ಕೇಳಿ ತಿಳಿದುಕೊಂಡಿದ್ದನ್ನು ಬರೆಯುತ್ತೇನೆ. ಅವನು ಹೇಳಿದ ಒಂದೊಂದು ಚಾರ್ಜಿಗೂ ಇಲ್ಲಿ ಉತ್ತರವಿದೆ.

ಸಾಲದ ಮೊತ್ತಕ್ಕೆ ಜಿಎಸ್‌ಟಿ ಇಲ್ಲ, ಬಡ್ಡಿಗೂ ಇಲ್ಲ. ಬ್ಯಾಂಕು ತೆಗೆದುಕೊಳ್ಳುವ ಸಂಸ್ಕರಣಾ ಶುಲ್ಕಕ್ಕೆ ಮಾತ್ರ ಶೇ 18 ಇದೆ. ರಿಸರ್ವ್ ಬ್ಯಾಂಕಿನಲ್ಲಿ ನಮ್ಮಂಥವರ ಖಾತೆಗಳು ಇರುವುದಿಲ್ಲ, ಅದು ಯಾರ ಸಾಲವನ್ನೂ ಹಿಡಿದಿಟ್ಟುಕೊಂಡು ಬಿಡಿಸಲು ರೊಕ್ಕ ಕೇಳುವುದಿಲ್ಲ. 2024ರ ಅಕ್ಟೋಬರ್ 1ರಿಂದ, ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ನಮ್ಮಂಥವರಿಗೆ ಸಾಲ ಕೊಡುವಾಗ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಕಾಗದ ಕೊಡಬೇಕು. ಬಡ್ಡಿ ಎಷ್ಟು, ಶುಲ್ಕ ಎಷ್ಟು, ಎಲ್ಲ ಅದರಲ್ಲಿ ನಮಗೆ ತಿಳಿಯುವ ಭಾಷೆಯಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಅವನಿಗೆ ಆ ಕಾಗದ ಕೇಳಿದ್ದರೆ ಮೊದಲ ದಿನವೇ ಮಾತು ಮುಗಿಯುತ್ತಿತ್ತು.

ಸಣ್ಣ ಉದ್ಯೋಗದವರಿಗೆ ಸಾಲ ಸಿಗುವ ಮುದ್ರಾ ಯೋಜನೆಯ ಹೆಸರಿನಲ್ಲಿ ಹೀಗೆ ಬರುವ ಮಂಜೂರಾತಿ ಪತ್ರಗಳು ನಕಲಿ ಅಂತ ಕೇಂದ್ರ ಸರಕಾರದ ವಾರ್ತಾ ಸಂಸ್ಥೆ ಪಿಐಬಿ ಹಲವು ಸಲ ಹೇಳಿದೆ. 2015ರ ಏಪ್ರಿಲ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಮುದ್ರಾ ಸಂಸ್ಥೆ ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ, ಏಜೆಂಟರನ್ನೂ ಇಟ್ಟಿಲ್ಲ. ಸಾಲ ಕೊಡುವುದು ಬ್ಯಾಂಕು ಮತ್ತು ಫೈನಾನ್ಸ್ ಸಂಸ್ಥೆಗಳು. 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಅದಕ್ಕೆ ಬೇಕಾಗುವ, ನಮ್ಮದು ಸಣ್ಣ ಉದ್ಯಮ ಅಂತ ದಾಖಲಿಸುವ ಉದ್ಯಮ್ ನೋಂದಣಿಯೂ ಸರಕಾರದ ಜಾಲತಾಣದಲ್ಲಿ ಪುಕ್ಕಟೆ.

ಇವೆಲ್ಲ ನೆನಪಿಡಲು ಕಷ್ಟವಾದರೆ ಒಂದು ಮಾತು ಸಾಕು. ಆ ಮನುಷ್ಯ ಹತ್ತು ದಿನ ನನ್ನ ಹತ್ತಿರ ಮಾತಾಡಿದ, ಈ ಸಾಲ ಹೇಗೆ ತೀರಿಸುತ್ತೀರಿ ಅಂತ ಒಂದು ಸಲವೂ ಕೇಳಲಿಲ್ಲ. ನಮ್ಮ ಊರಿನ ಕೃಷಿ ಪತ್ತಿನ ಸೊಸೈಟಿಯ (ಪಿಕೆಪಿಎಸ್) ಕಾರ್ಯದರ್ಶಿ ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಬಲ್ಲವರು, ಅವರೂ ಇಪ್ಪತ್ತು ಸಾವಿರ ಕೊಡುವಾಗ ಉತಾರ, ಜಾಮೀನು ಕೇಳುತ್ತಾರೆ. ಕೊಟ್ಟಿದ್ದು ತಿರುಗಿ ಬರಬೇಕು ಅನ್ನುವ ಚಿಂತೆ ಇಲ್ಲದವನು ಕೊಡುವವನೇ ಅಲ್ಲ.

ಇನ್ನೆರಡು ವಿಷಯ. ನಾನು ಅವನಿಗೆ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೋ ಎಲ್ಲ ಕಳಿಸಿದ್ದೆ. ಅವನ್ನು ಹಿಡಿದು ನನ್ನ ಹೆಸರಲ್ಲಿ ಬೇರೆ ಸಾಲ ಎತ್ತಬಹುದು ಅಂತ ಠಾಣೆಯಲ್ಲಿ ಹೇಳಿದರು. ಆಧಾರ್‌ನ ಬೆರಳಚ್ಚು ಲಾಕ್ ಮಾಡಿಸಿದೆ. ಯಾರ ಹೆಸರಲ್ಲಿ ಯಾವ ಸಾಲ ಇದೆ ಅಂತ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಬೇಕು ಅಂತ ನಿಯಮವಿದೆ, ಮಗಳ ಕೈಯಲ್ಲಿ ಅದನ್ನೂ ತೆಗೆಸಿ ನೋಡಿದೆ. ಸದ್ಯ ಏನೂ ಇಲ್ಲ.

ಎರಡನೆಯದು, ಮೂರು ವಾರ ಬಿಟ್ಟು ಇನ್ನೊಬ್ಬ ಫೋನ್ ಮಾಡಿದ. ತಾನು ಸೈಬರ್ ಪೊಲೀಸ್, ಕಳ್ಳರು ಸಿಕ್ಕಿದ್ದಾರೆ, ನಿಮ್ಮ 41,550 ಪೂರ್ತಿ ಕೊಡಿಸುತ್ತೇನೆ, 2,500 ಕಟ್ಟಿ ಅಂದ. ಮೊತ್ತ ರೂಪಾಯಿ ರೂಪಾಯಿಗೆ ಸರಿ ಹೇಳಿದ. ಒಂದು ಗಳಿಗೆ ನನ್ನ ಕೈ ನಡುಗಿತು. ಅಷ್ಟು ಸರಿಯಾಗಿ ಹೇಗೆ ಗೊತ್ತು ಅಂದರೆ, ತೆಗೆದುಕೊಂಡವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ? ಫೋನ್ ಇಟ್ಟು ಆ ನಂಬರನ್ನು ಮೋಸದ ಫೋನುಗಳ ಬಗ್ಗೆ ತಿಳಿಸಲಿಕ್ಕೆ ಸರಕಾರದ ಸಂಚಾರ ಸಾಥಿ ಜಾಲತಾಣದಲ್ಲಿರುವ ಚಕ್ಷುವಿನಲ್ಲಿ ದಾಖಲು ಮಾಡಿಸಿದೆ. ರೊಕ್ಕ ಕಳೆದುಕೊಂಡವರ ಪಟ್ಟಿ ಅವರ ಹತ್ತಿರ ಇರುತ್ತದೆ. ನಿಮಗೂ ಈ ಎರಡನೇ ಫೋನ್ ಬಂದೇ ಬರುತ್ತದೆ ಅಂತ ತಿಳಿದಿರಿ.

ಸಾಲ ಕಡೆಗೆ ಅದೇ ಜಮಖಂಡಿಯ ಬ್ಯಾಂಕಿನಲ್ಲೇ ಆಯಿತು. ಯಂತ್ರದ ಕೊಟೇಶನ್, ಉದ್ಯಮ್ ಕಾಗದ ಕೊಟ್ಟು ನಾಲ್ಕು ಸಲ ಅಡ್ಡಾಡಿದೆ. ಗಿರಣಿಗೆ ಬಂದು ನೋಡಿಕೊಂಡು ಹೋದರು, ತಿಂಗಳಿಗೆ ಎಷ್ಟು ದುಡಿಯುತ್ತೀರಿ ಅಂತ ಮೂರು ಬಾರಿ ಕೇಳಿದರು. 1,80,000 ಮಂಜೂರಾಯಿತು. ಶುಲ್ಕ 900 ರೂಪಾಯಿ, ಅದಕ್ಕೆ ಜಿಎಸ್‌ಟಿ 162. ಅದನ್ನು ಕೈಯಲ್ಲಿ ಕೇಳಲಿಲ್ಲ, ಸಾಲದಲ್ಲೇ ಕತ್ತರಿಸಿಕೊಂಡು ಉಳಿದದ್ದನ್ನು ಯಂತ್ರದ ಅಂಗಡಿಯ ಖಾತೆಗೆ ಹಾಕಿದರು. ಯಂತ್ರ ಬಂದಿದ್ದು ಜೂನ್‌ನಲ್ಲಿ, ಖಾರದ ಸೀಜನ್ ಮುಗಿದ ಮೇಲೆ. ಬೆಂಡೋಲೆ ಇನ್ನೂ ಬ್ಯಾಂಕಿನಲ್ಲೇ ಇವೆ.