ಕರಾವಳಿಯ ಸೆಕೆಗೆ ಸದ್ದಿಲ್ಲದ ಫ್ಯಾನ್

ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರಗಳನ್ನು ಮೂಡಿಸುವ ಭಾಗ) 83 ಡಿಗ್ರಿ ಮುಟ್ಟುತ್ತಿತ್ತು. ಅದರ ಮೂಲ ಫ್ಯಾನುಗಳ ಕಿರುಚಾಟ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮನಿಗೂ ಕೇಳಿಸುತ್ತಿತ್ತು. ಇಡೀ ಕೂಲರ್ ಬದಲಿಸಿದರೆ ಮೆಮೊರಿ ಚಿಪ್‌ಗಳಿಗೆ ಬೇರೆಯೇ ಹೀಟ್‌ಸಿಂಕ್ (ಶಾಖ ಹೀರಿ ಹೊರಹಾಕುವ ಲೋಹದ ಭಾಗ) ಅಂಟಿಸಬೇಕಾದೀತೆಂದು ಆ ಯೋಚನೆಯನ್ನು ಕೈಬಿಟ್ಟು, ಪ್ಲಾಸ್ಟಿಕ್ ಹೊದಿಕೆಯನ್ನೂ ಹಳೆಯ ಫ್ಯಾನುಗಳನ್ನೂ ಮಾತ್ರ ಬಿಚ್ಚಿ, ಉಳಿದ ಹೀಟ್‌ಸಿಂಕಿಗೆ ವೇಗ ಹೊಂದಿಸಬಹುದಾದ ಎರಡು ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ ಫ್ಯಾನುಗಳನ್ನು ಕೇಬಲ್ ಟೈಗಳಿಂದ ಬಿಗಿದೆ. ಬಿಚ್ಚಿದಾಗ ಕಂಡದ್ದೆಂದರೆ, ಕಡಲ ತೇವಕ್ಕೆ ಧೂಳು ಜಿಡ್ಡುಗಟ್ಟಿ ಹೀಟ್‌ಸಿಂಕಿನ ಫಿನ್ನುಗಳ (ತೆಳು ಲೋಹದ ಹಾಳೆಗಳ) ನಡುವೆ ಬೂದು ಬಣ್ಣದ ಕಂಬಳಿಯಂತೆ ಕುಳಿತಿತ್ತು. ಹಳೆಯ ಟೂತ್‌ಬ್ರಷ್ ಹಿಡಿದು ಅದನ್ನು ತೆಗೆಯಲು ಅರ್ಧ ಗಂಟೆ ಬೇಕಾಯಿತು.

120 ಮಿಲಿಮೀಟರ್ ಅಳತೆಯ ಈ ಫ್ಯಾನುಗಳು ನಿಮಿಷಕ್ಕೆ ಗರಿಷ್ಠ 1800 ಸುತ್ತು ತಿರುಗಬಲ್ಲವಾದರೂ, ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿಯೇ ಸಾಕಷ್ಟು ಗಾಳಿ ತಳ್ಳುವುದರಿಂದ ನನಗೆ 1100 ಸುತ್ತು ಧಾರಾಳವಾಯಿತು. ಈಗ ಎರಡು ಗಂಟೆ ವಿಡಿಯೊ ರೆಂಡರ್ ಮಾಡಿದರೂ ಕಾರ್ಡ್ 72 ಡಿಗ್ರಿ ದಾಟುವುದಿಲ್ಲ, ಕಿಟಕಿಯಾಚೆ ತೆಂಗಿನ ಗರಿ ಅಲುಗುವುದು ಕೇಳಿಸುತ್ತದೆ.

ಫ್ಯಾನಿನ ದಪ್ಪವೇ 25 ಮಿಲಿಮೀಟರ್ ಇರುವುದರಿಂದ ಕಾರ್ಡಿನ ಕೆಳಗೆ ಜಾಗವಿದೆಯೇ ಎಂದು ಮೊದಲು ಅಳೆಯಿರಿ. ಕಾರ್ಡಿನ ಪುಟ್ಟ ಫ್ಯಾನ್ ಕನೆಕ್ಟರಿಗೆ ಹೊಂದುವ ಅಡಾಪ್ಟರ್ ಕೇಬಲ್ ಬೇರೆಯಾಗಿ ಕೊಳ್ಳಬೇಕು. ವಾರಂಟಿ ಇನ್ನೂ ಉಳಿದಿರುವವರು ಅದರ ನಿಯಮಗಳನ್ನು ಓದದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬಾರದು.